ಯಾವ ಕಾರ್ಡು ಅಂತ ಕೇಳಿದವರು

ಕೀಬೋರ್ಡ್ ಮುಂದೆ ಕೂರುವ ಮೊದಲು ಅವರು ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈ ತನಕ ಮೇಲಕ್ಕೆ ತಳ್ಳುತ್ತಿದ್ದರು. ಬಳೆಗಳು ಅಲ್ಲೇ ಮಾಂಸ ಕಚ್ಚಿಕೊಂಡು ನಿಲ್ಲುತ್ತಿದ್ದವು. ಕೆಲಸ ಮುಗಿಸಿ ಕೆಳಗೆ ಬಿಟ್ಟಾಗ ತೋಳಿನ ಮೇಲೆ ಕೆಂಪು ಗೆರೆಗಳು ಉಳಿದಿರುತ್ತಿದ್ದವು. ಶ್ರೀನಿವಾಸಪುರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಬ್ಬಿಣದ ಮೆಷಿನ್ನಿನ ಮೇಲೆ ಪಳಗಿದ ಬೆರಳುಗಳು ಅವು. ಲ್ಯಾಪ್‌ಟಾಪನ್ನೂ ಹಾಗೇ ಕುಟ್ಟುತ್ತಿದ್ದವು. ಒಮ್ಮೆ ನಾನು “ಮೆತ್ತಗೆ ಹೊಡೀರಿ ಮೇಡಂ” ಎಂದೆ. “ಯಾಕೆ, ಅದು ಅತ್ತು ನಿನ್ ಹತ್ರ ಹೇಳ್ತಾ?” ಎಂದರು.

ರಾಯಲ್ಪಾಡು ದಾಟಿ ಆಂಧ್ರದ ಗಡಿಯ ಕಡೆ ಹೋದರೆ ಸಿಗುವ ಒಂದು ಪಂಚಾಯಿತಿಯ ಲೈಬ್ರರಿಯನ್ನು ಅವರು ನೋಡಿಕೊಳ್ಳುತ್ತಿದ್ದರು. ಊರಿಗೆಲ್ಲ ಅವರು ಲೈಬ್ರರಿ ಮೇಡಂ, ನನಗೂ ಅಷ್ಟೇ. ಲೈಬ್ರರಿ ಅಂದರೆ ಒಂದು ಕೋಣೆ, ಎರಡು ಕಬ್ಬಿಣದ ಬೀರು, ಕಿಟಕಿಯ ಕೆಳಗೆ ಒಂದು ಉದ್ದನೆಯ ಮೇಜು. ಮೇಜಿನ ಮೇಲೆ ನಾಲ್ಕು ಹಳೆಯ ಲ್ಯಾಪ್‌ಟಾಪು. ಬೆಂಗಳೂರಿನ ಯಾವುದೋ ಕಂಪನಿ ತಾನು ಬಳಸಿ ಬಿಟ್ಟದ್ದನ್ನು ದಾನ ಕೊಟ್ಟಿತ್ತು. ಕೊಡಲು ಬಂದವರು ಒಂದು ಗಂಟೆ ಇದ್ದು, ಫೋಟೋ ತೆಗೆಸಿಕೊಂಡು, ಲೈಬ್ರರಿಯ ಹೆಸರಿಗಿಂತ ದೊಡ್ಡದಾಗಿ ತಮ್ಮ ಹೆಸರನ್ನು ಗೋಡೆಗೆ ಬರೆಸಿ ಹೋದರು. ಒಳಗೆ ಹಾಕಿದ್ದು ವಿಂಡೋಸ್ ಅಲ್ಲ, ಲಿನಕ್ಸ್ ಎಂದು ಹೇಳುವಷ್ಟು ಪುರುಸೊತ್ತೂ ಅವರಿಗಿರಲಿಲ್ಲ.

ಮೇಡಂ ತಾವೇ ಕಲಿತರು. ಲಿನಕ್ಸಿನ ಕಪ್ಪು ಪರದೆಯಲ್ಲಿ man ಎಂದು ಹೊಡೆದು ಮುಂದೆ ಒಂದು ಕಮಾಂಡಿನ ಹೆಸರು ಹಾಕಿದರೆ, ಅದು ಏನು ಮಾಡುತ್ತದೆ ಎಂಬ ವಿವರ ಪುಟಗಟ್ಟಲೆ ಇಂಗ್ಲಿಷಿನಲ್ಲಿ ಬರುತ್ತದೆ. ಲೈಬ್ರರಿಯ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನು ಸಾಲು ಸಾಲಾಗಿ ಓದಿದರು. ಯಾರೂ ಬಾರದ ಮಧ್ಯಾಹ್ನಗಳು ಅವರಿಗೆ ಬೇಕಾದಷ್ಟಿದ್ದವು. ಟೊಮೆಟೊ ಬಿಡಿಸುವ ಕಾಲದಲ್ಲಿ, ಮಾವಿನ ಕಾಲದಲ್ಲಿ ಆ ಊರಿನಲ್ಲಿ ಪೇಪರ್ ಓದಲೂ ಜನ ಬರುತ್ತಿರಲಿಲ್ಲ.

ಮನುಷ್ಯರ ಮೇಲೆ ಅವರಿಗಿದ್ದ ತಾತ್ಸಾರ ಅಷ್ಟಿಷ್ಟಲ್ಲ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವವನನ್ನು ಎಬ್ಬಿಸಿ ಕೈ ತೊಳೆಯಲು ಕಳಿಸುತ್ತಿದ್ದರು. ಇನ್‌ಸ್ಪೆಕ್ಷನ್ ಇದ್ದಾಗ ಮಾತ್ರ ಬಂದು ಹತ್ತು ಪುಸ್ತಕಕ್ಕೆ ಸಹಿ ಹಾಕುತ್ತಿದ್ದ ಮೇಷ್ಟರೊಬ್ಬರನ್ನು ಎಲ್ಲರ ಎದುರೇ ಕೇಳಿದ್ದರು: “ಸಾರ್, ಇದರಲ್ಲಿ ಯಾವುದಾದ್ರೂ ಒಂದರ ಕಥೆ ಹೇಳ್ರಿ, ಬಿಟ್ಬಿಡ್ತೀನಿ.” ಪಂಚಾಯಿತಿಯ ಅಧಿಕಾರಿ ದಿನಪತ್ರಿಕೆಯನ್ನು ಮನೆಗೆ ಒಯ್ಯುತ್ತಿದ್ದ. ಅವನ ಕಿವಿಗೆ ಬೀಳುವಂತೆ, “ಬೆಳಗಿನ ಸುದ್ದಿ ನಮಗೆ ನಾಳೆ ಗೊತ್ತಾಗುತ್ತೆ, ಸಾಹೇಬರ ಮನೇಲಿ ಇಡ್ಲಿ ಕಟ್ಟಿ ಮುಗೀಬೇಕಲ್ಲ” ಎನ್ನುತ್ತಿದ್ದರು. ಆದರೆ ಅವರ ತಿರಸ್ಕಾರದ ದೊಡ್ಡ ಪಾಲನ್ನು ಪಡೆದವರು ಬೇರೆ ಇದ್ದರು. ಕೋಲಾರದಿಂದ ಬೈಕಿನಲ್ಲಿ ಬರುತ್ತಿದ್ದ ಸರ್ವಿಸ್ ಇಂಜಿನಿಯರುಗಳು. ನಾನು ಅವರಲ್ಲೊಬ್ಬ.

ನಾನು ಮಾಲೂರು ತಾಲ್ಲೂಕಿನವನು, ಮಾಸ್ತಿಯ ಹತ್ತಿರದ ಹಳ್ಳಿ. ಡಿಪ್ಲೊಮಾ ಹೇಗೋ ದಾಟಿಕೊಂಡು ಕೋಲಾರದ ಒಂದು ಕಂಪ್ಯೂಟರ್ ಸರ್ವಿಸ್ ಅಂಗಡಿಗೆ ಸೇರಿದ್ದೆ. ನಾಲ್ಕು ತಾಲ್ಲೂಕಿನ ಶಾಲೆ, ಪಂಚಾಯಿತಿ, ಲೈಬ್ರರಿಗಳ ಯಂತ್ರಗಳನ್ನು ನೋಡಿಕೊಳ್ಳುವ ಗುತ್ತಿಗೆ ನಮ್ಮ ಯಜಮಾನನದು. ನಮಗೆಲ್ಲ ಬೆನ್ನ ಮೇಲೆ ‘ಇಂಜಿನಿಯರ್’ ಎಂದು ಬರೆದ ನೀಲಿ ಟೀ ಶರ್ಟು ಕೊಟ್ಟಿದ್ದ. ಅವನು ನನಗೆ ಕೊಟ್ಟ ತರಬೇತಿ ಐದು ನಿಮಿಷದ್ದು.

“ಲೇ, ವೈ-ಫೈ ಬರಲ್ಲ ಅಂದ್ರೆ ಒಂದೇ ಮಾತು. ಕಾರ್ಡ್ ಹೋಗಿದೆ. ಅಷ್ಟೇ. ಜಾಸ್ತಿ ಮಾತಾಡಿದ್ರೆ ಅವರಿಗೆ ಅನುಮಾನ ಬರ್ತದೆ.”

ದಾನದ ಆ ಲ್ಯಾಪ್‌ಟಾಪುಗಳ ಮುಂದಿನ ಅಂಚಿನಲ್ಲಿ ಉಗುರಿನಷ್ಟು ಸಣ್ಣ ಸ್ವಿಚ್ಚು ಇರುತ್ತದೆ. ಅದನ್ನು ಸರಿಸಿದರೆ ವೈ-ಫೈ ನಿಲ್ಲುತ್ತದೆ. ಬೀರುವಿಗೆ ತಳ್ಳುವಾಗ, ಹೊರಗೆಳೆಯುವಾಗ ಅದು ತಾನಾಗಿ ಸರಿದು ಹೋಗುತ್ತಿತ್ತು. ನಮ್ಮ ಕಸುಬು ಇಷ್ಟು: ಕಾರ್ಡ್ ಹೋಗಿದೆ ಎನ್ನುವುದು, ಹಿಂಬದಿ ಬಿಚ್ಚಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ಒಳ್ಳೆಯ ಕಾರ್ಡನ್ನು ಕಿತ್ತುಕೊಂಡು ಹೋಗುವುದು, ಕೆಲವು ದಿನ ಬಿಟ್ಟು ಬೇರೆ ಊರಿನಲ್ಲಿ ಕಿತ್ತದ್ದನ್ನು ಒರೆಸಿ ಹೊಸದೆಂದು ಇಲ್ಲಿ ಕೂರಿಸಿ ಯಜಮಾನನ ಬಿಲ್ಲು ಕೊಡುವುದು, ಹಾಗೇ ಹೆಬ್ಬೆರಳಿನಲ್ಲಿ ಸದ್ದಿಲ್ಲದೆ ಸ್ವಿಚ್ಚು ಸರಿಸುವುದು. ವೈ-ಫೈ ಬಂದ ಕೂಡಲೇ ಶಾಲೆಯ ಹೆಡ್‌ಮಾಸ್ತರು ಕೈ ಮುಗಿದು ಕಾಫಿ ತರಿಸುತ್ತಿದ್ದರು. ಅವರನ್ನು ನೋಡಿ ನನಗೆ ನಗು ಬರುತ್ತಿತ್ತು. ಈಗ ಆ ನಗು ನೆನೆದರೆ ಬಾಯಿ ತೊಳೆದುಕೊಳ್ಳಬೇಕೆನಿಸುತ್ತದೆ.

ನಾನು ಮೊದಲ ಸಲ ಆ ಲೈಬ್ರರಿಗೆ ಹೋದ ದಿನ ಮೇಡಂ ಒಂದು ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿ, “ಇಂಟರ್‌ನೆಟ್ ಬರ್ತಿಲ್ಲ, ನೋಡಪ್ಪಾ” ಎಂದರು. ಧ್ವನಿ ಬಹಳ ಮೆತ್ತಗಿತ್ತು. ಅದು ಎಂಥ ಅಪಾಯದ ಧ್ವನಿ ಎಂದು ನನಗೆ ಗೊತ್ತಿರಲಿಲ್ಲ. ನಾನು ಅದನ್ನು ಎತ್ತಿ ಹಿಂದೆ ಮುಂದೆ ನೋಡಿದೆ. ಹೆಬ್ಬೆರಳಿಗೆ ಸ್ವಿಚ್ಚು ಸಿಕ್ಕಿತು, ಆಫ್ ಆಗಿತ್ತು. ಆದರೂ ಗಂಭೀರವಾಗಿ ಹೇಳಿದೆ:

“ಕಾರ್ಡ್ ಹೋಗಿದೆ ಮೇಡಂ.”

“ಯಾವ ಕಾರ್ಡು?”

“ವೈ-ಫೈ ಕಾರ್ಡು.”

“ಅದೇ ಕೇಳ್ತಿರೋದು. ಯಾವ ಕಾರ್ಡು? ಯಾರು ಮಾಡಿದ್ದು, ಯಾವ ನಂಬರಿಂದು?”

ಅಷ್ಟು ದಿನ ಅಷ್ಟು ಕಾರ್ಡು ಕಿತ್ತಿದ್ದೆ, ಒಂದರ ಹೆಸರನ್ನೂ ಓದಿರಲಿಲ್ಲ.

ಅವರು ಬಳೆ ಮೇಲಕ್ಕೆ ತಳ್ಳಿದರು. ಕಪ್ಪು ಪರದೆ ತೆರೆದು lspci ಎಂದು ಕುಟ್ಟಿದರು. ಯಂತ್ರದ ಒಳಗೆ ಕೂರಿಸಿರುವ ಕಾರ್ಡುಗಳ ಪಟ್ಟಿಯೆಲ್ಲ ಅದರಲ್ಲಿ ಬರುತ್ತದೆ. ಸಾಲುಗಳು ಸರಸರನೆ ಬಂದು ನಿಂತವು. ಅದರಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟು ಪೂರ್ತಿ ಓದಿದರು. ವೈ-ಫೈ ಕಾರ್ಡಿನ ತಯಾರಕರ ಹೆಸರು, ಮಾದರಿ, ಎಲ್ಲ ಅಲ್ಲೇ ಇತ್ತು.

“ಸತ್ತೋಗಿರೋನು ಹೆಂಗಯ್ಯಾ ಹಾಜರಿ ಹೇಳ್ತಾನೆ?”

ನಾನು ಏನೋ ಗೊಣಗಿದೆ. ಅವರು ಕೇಳಿಸಿಕೊಳ್ಳಲಿಲ್ಲ. rfkill list ಎಂದು ಹೊಡೆದರು. ವೈ-ಫೈಯನ್ನು ಯಾರಾದರೂ ತಡೆದಿದ್ದಾರೆಯೇ, ತಡೆದದ್ದು ಸಾಫ್ಟ್‌ವೇರೋ ಸ್ವಿಚ್ಚೋ ಎಂದು ಅದು ಬೇರೆ ಬೇರೆಯಾಗಿ ಹೇಳುತ್ತದೆ. ಸಾಫ್ಟ್‌ವೇರಿನ ಮುಂದೆ ‘ಇಲ್ಲ’ ಎಂದಿತ್ತು, ಸ್ವಿಚ್ಚಿನ ಮುಂದೆ ‘ಹೌದು’ ಎಂದಿತ್ತು. ಮೇಡಂ ನನ್ನ ಮುಖ ನೋಡುತ್ತಲೇ ಸ್ವಿಚ್ಚು ಸರಿಸಿದರು. ಇನ್ನೊಮ್ಮೆ ಹೊಡೆದರು. ಎರಡರ ಮುಂದೆಯೂ ‘ಇಲ್ಲ’.

“ಬೆಳಗ್ಗೆ ನಾನೇ ಆಫ್ ಮಾಡಿಟ್ಟಿದ್ದೆ. ಬರೋ ಇಂಜಿನೀರುಗಳಿಗೆಲ್ಲ ಇದೇ ಪರೀಕ್ಷೆ. ನೀನು ಮೂರನೆಯೋನು, ಮೂರು ಜನಾನೂ ಫೇಲು.” ಆಮೇಲೆ ಅವರ ಮನೆಮಾತಾದ ತೆಲುಗಿಗೆ ಇಳಿದರು. “ಏಮಯ್ಯಾ, ಸಿಗ್ಗು ಲೇದಾ ನೀಕು?”

ನಾಚಿಕೆ ಇಲ್ಲವೇನಯ್ಯಾ ಎಂದು. ನನಗೆ ನಾಚಿಕೆಗಿಂತ ಸಿಟ್ಟು ಬಂದಿತ್ತು. ಸವೆದ ಹವಾಯಿ ಚಪ್ಪಲಿ ಹಾಕಿಕೊಂಡ ಪಂಚಾಯಿತಿ ಹೆಂಗಸು, ಇಂಜಿನಿಯರಿಗೆ ಪರೀಕ್ಷೆ ಇಡುವುದೇ? ಬ್ಯಾಗು ಎತ್ತಿಕೊಂಡು ಹೊರಡಲು ನೋಡಿದೆ.

“ಕೂತ್ಕೋ,” ಎಂದರು. “ಪರೀಕ್ಷೆ ಮುಗೀತು. ನಿಜವಾದ ತೊಂದರೆ ಆ ನಾಲ್ಕನೇದರಲ್ಲಿದೆ.”

ನಾಲ್ಕನೆಯ ಲ್ಯಾಪ್‌ಟಾಪಿನಲ್ಲಿ ನನ್ನ ಕೈಯಿಂದಲೇ lspci ಹೊಡೆಸಿದರು. ಬಾಕಿ ಎಲ್ಲ ಸಾಲೂ ಬಂದವು, ವೈ-ಫೈ ಕಾರ್ಡಿನ ಸಾಲು ಮಾತ್ರ ಇರಲಿಲ್ಲ. ಹೊರಗಿನಿಂದ ಚುಚ್ಚಿದ ಕಾರ್ಡೇನಾದರೂ ಇದ್ದರೆ lsusb ಹೇಳುತ್ತದೆ, ಅದನ್ನೂ ಹೊಡೆಸಿದರು. ಅಲ್ಲೂ ಇಲ್ಲ. “ಬಿಚ್ಚು,” ಎಂದರು. ಬಿಚ್ಚಿದೆ. ಕಾರ್ಡು ಇರಬೇಕಾದ ಜಾಗ ಬರಿದಾಗಿತ್ತು. ಅದಕ್ಕೆ ಸಿಕ್ಕಿಸುವ ಕಪ್ಪು, ಬಿಳಿ ಎರಡು ವೈರುಗಳ ತುದಿಗೆ ಟೇಪು ಸುತ್ತಿ ಮಡಚಿಟ್ಟಿದ್ದರು. ಆ ಟೇಪು ನಮ್ಮ ಅಂಗಡಿಯದು. ನನ್ನ ಬ್ಯಾಗಿನಲ್ಲೂ ಅದೇ ಹಳದಿ ಟೇಪಿನ ಸುರುಳಿ ಇತ್ತು.

“ನಿನಗಿಂತ ಮೊದಲು ಬರ್ತಿದ್ದೋನು ಟೆಸ್ಟಿಂಗಿಗೆ ಅಂತ ತಗೊಂಡೋದ. ಆಮೇಲೆ ಅವನೂ ಇಲ್ಲ, ಕಾರ್ಡೂ ಇಲ್ಲ.”

ಬೀರುವಿನಿಂದ ದಾಸ್ತಾನು ಪುಸ್ತಕ ತಂದರು. ಕುರ್ಚಿ, ಫ್ಯಾನು, ಗಡಿಯಾರ ಎಲ್ಲವನ್ನೂ ಬರೆದ ಪುಟದ ಕೆಳಗೆ ನಾಲ್ಕು ಲ್ಯಾಪ್‌ಟಾಪೂ ಇದ್ದವು. ಪ್ರತಿಯೊಂದರ ಮುಂದೆ ಅಂಕಿ, ಇಂಗ್ಲಿಷ್ ಅಕ್ಷರ ಬೆರೆತ ಆರು ಜೋಡಿ. ಪ್ರತಿ ವೈ-ಫೈ ಕಾರ್ಡಿಗೂ ತಯಾರಾಗುವಾಗಲೇ ಇಂಥ ಒಂದು ವಿಳಾಸ ಕೊಟ್ಟಿರುತ್ತಾರೆ, ಒಂದರದು ಇನ್ನೊಂದಕ್ಕಿರುವುದಿಲ್ಲ. ip link ಎಂದು ಹೊಡೆದರೆ ಅದು ಕಾಣುತ್ತದೆ. ಯಂತ್ರಗಳು ಬಂದ ವಾರದಲ್ಲೇ ಮೇಡಂ ನಾಲ್ಕರದ್ದನ್ನೂ ಬರೆದಿಟ್ಟುಕೊಂಡಿದ್ದರು. ಯಾಕೆಂದು ಕೇಳಿದೆ.

“ಯಾಕೆ ಅಂದ್ರೆ ಕಳ್ಳರು ಬರ್ತಾರೆ ಅಂತ. ಬಂದ್ರಲ್ಲ.”

ಹಿಂದಿನ ತಿಂಗಳು ಮುಳಬಾಗಿಲ ಕಡೆಯ ಒಂದು ಹೈಸ್ಕೂಲಿನಲ್ಲಿ, ಇದೇ ಕಂಪನಿ ದಾನ ಕೊಟ್ಟ ಇದೇ ಮಾದರಿಯ ಲ್ಯಾಪ್‌ಟಾಪಿಗೆ ನಾನು ‘ಹೊಸ’ ಕಾರ್ಡು ಕೂರಿಸಿದ್ದೆ. ಯಜಮಾನ ಅದನ್ನು ಮೇಜಿನ ಡ್ರಾಯರಿನಿಂದ ತೆಗೆದುಕೊಟ್ಟಿದ್ದ. ಮೇಡಂ ಆ ಕಡೆ ತಿರುಗಿದಾಗ ಕೊನೆಯ ಎರಡು ಜೋಡಿಯನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡೆ. ಅವರು ನೋಡಿದರೋ ಇಲ್ಲವೋ ತಿಳಿಯದು. ನೋಡದೆ ಬಿಡುವ ಹೆಂಗಸಲ್ಲ.

ಅವತ್ತೇ ಮಧ್ಯಾಹ್ನ ಮುಳಬಾಗಿಲಿಗೆ ಹೋದೆ. ಹೆಡ್‌ಮಾಸ್ತರು ಎಂದಿನಂತೆ ಎದ್ದು ನಿಂತು, “ಬನ್ನಿ ಸಾರ್, ನೀವು ಹಾಕಿದ ಮೇಲೆ ಸೂಪರಾಗಿದೆ” ಎಂದರು. ಲ್ಯಾಪ್‌ಟಾಪು ತೆರೆದೆ. ಕಮಾಂಡನ್ನು ಎರಡು ಸಲ ತಪ್ಪು ಹೊಡೆದೆ. ಮೂರನೆಯ ಸಲ ಆರು ಜೋಡಿ ಬಂದವು. ಅಂಗೈಯ ಅಕ್ಷರಗಳು ಬೆವರಿಗೆ ಮಸುಕಾಗಿದ್ದವು, ಆದರೂ ಓದಬಹುದಿತ್ತು. ಅದೇ. ಹಿಂದಿನಿಂದ ಹೆಡ್‌ಮಾಸ್ತರು, “ಕಾಫಿನಾ ಟೀನಾ ಸಾರ್?” ಎಂದು ಕೇಳುತ್ತಿದ್ದರು. ಏನೂ ಬೇಡವೆಂದು ಹೊರಗೆ ಬಂದು ಬೈಕು ಹತ್ತಿದೆ.

ಅಲ್ಲಿಂದ ನೇರ ಹೋಗಿ ಸತ್ಯ ಹೇಳಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಒಂದೂವರೆ ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಲೈಬ್ರರಿಯಿಂದ ಫೋನು ಬಂದರೆ ಎತ್ತುತ್ತಿರಲಿಲ್ಲ. ಬೇರೆ ಕಡೆ ‘ಕಾರ್ಡ್ ಹೋಗಿದೆ’ ಎನ್ನಲು ಬಾಯಿ ತೆರೆದಾಗಲೆಲ್ಲ ‘ಯಾವ ಕಾರ್ಡು?’ ಎಂಬ ಆ ಧ್ವನಿ ಕೇಳುತ್ತಿತ್ತು. ಕೇಳಿದರೂ ಎರಡು ಕಡೆ ಹೇಳಿದೆ. ಕೊನೆಗೆ ಒಂದು ದಿನ ಯಜಮಾನನ ಹತ್ತಿರ ಮಾತು ತೆಗೆದೆ. ಅವನು ಪೂರಿ ತಿನ್ನುತ್ತಿದ್ದ.

“ಏನ್ಲಾ, ಆ ರಾಯಲ್ಪಾಡು ಕಡೆ ಹೆಂಗಸಿನ ಸಹವಾಸನಾ? ಅವಳ ಹತ್ರ ಹೋಗ್ಬೇಡ, ತಲೆ ಕೆಡ್ತದೆ.”

“ಅಣ್ಣಾ, ಆ ಕಾರ್ಡು ಅವರದು. ನಂಬರು ಬರೆದಿಟ್ಟವ್ರೆ.”

“ಬರ್ಕೊಳ್ಳಲಿ ಬಿಡು. ನಂಬರು ಓದೋಕೆ ಜಿಲ್ಲೇಲಿ ಯಾರಿಗೆ ಬರ್ತದೆ? ನಿಂಗೆ ಬರ್ತಿತ್ತಾ?”

ಪೂರಿಯ ಎಣ್ಣೆ ಅವನ ಗಲ್ಲದ ಮೇಲಿತ್ತು. ಅವನು ನಗುತ್ತಿದ್ದದ್ದು ಜಿಲ್ಲೆಯ ಜನರನ್ನು ನೆನೆದೆಂದು ಮೊದಲು ತಿಳಿದೆ. ಆಮೇಲೆ ಹೊಳೆಯಿತು, ನನ್ನನ್ನು ನೋಡಿ. ನಾನು ಹೆಡ್‌ಮಾಸ್ತರನ್ನು ನೋಡಿ ನಕ್ಕ ಹಾಗೆಯೇ ಅವನು ನನ್ನನ್ನು ನೋಡಿ ಅಷ್ಟು ದಿನವೂ ನಗುತ್ತಿದ್ದ. ಇಂಥವನ ಕೈಕೆಳಗೆ ಒಂದು ವರ್ಷ ‘ಅಣ್ಣಾ’ ಎಂದುಕೊಂಡು ಓಡಾಡಿದ್ದೆನಲ್ಲ! ಅವನು ಕೈ ತೊಳೆಯಲು ಎದ್ದಾಗ ಡ್ರಾಯರ್ ಎಳೆದೆ. ಮುಳಬಾಗಿಲ ಶಾಲೆಯಿಂದ ನಾನು ಕಿತ್ತು ತಂದಿದ್ದ ಕಾರ್ಡು, ನಾನೇ ಹಳದಿ ಟೇಪಿನ ಮೇಲೆ ಶಾಲೆಯ ಹೆಸರು ಬರೆದು ಅಂಟಿಸಿದಂತೆಯೇ ಬಿದ್ದಿತ್ತು. ಅವನು ತಿರುಗಿ ಬಂದ ಮೇಲೆ ಅವನೆದುರೇ ಅದನ್ನು ಜೇಬಿಗೆ ಹಾಕಿಕೊಂಡು, ನೀಲಿ ಟೀ ಶರ್ಟು ಬಿಚ್ಚಿ ಕುರ್ಚಿಯ ಮೇಲೆಸೆದು, ಬನಿಯನ್ನಿನಲ್ಲೇ ಹೊರಬಿದ್ದೆ. ಸಿನಿಮಾದವನಂತೆ ಕಂಡಿರಬೇಕು. ಬೀದಿಯಲ್ಲಿ ಹೆಂಗಸರು ಮುಖ ತಿರುಗಿಸಿದರು.

ಮುಳಬಾಗಿಲ ಹೆಡ್‌ಮಾಸ್ತರಿಗೆ ಎಲ್ಲ ಹೇಳಿದೆ. ಲೈಬ್ರರಿಯ ಕಾರ್ಡನ್ನು ಬಿಚ್ಚಿಕೊಂಡು, ಅವರ ಕಾರ್ಡನ್ನು ಅವರ ಯಂತ್ರಕ್ಕೆ ಮತ್ತೆ ಕೂರಿಸಿ, ಅದು ಚೆನ್ನಾಗಿ ಕೆಲಸ ಮಾಡುವುದನ್ನು ತೋರಿಸಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತ, “ನಾನು ನಿಮ್ಮನ್ನ ಸಾರ್ ಅಂತಿದ್ನಲ್ಲಪ್ಪಾ” ಎಂದರು. ಅಷ್ಟೇ. ಅವತ್ತು ಕಾಫಿ ಕೇಳಲಿಲ್ಲ.

ಮರುದಿನ ಲೈಬ್ರರಿಗೆ ಹೋದೆ. ಮೇಡಂ ಏನೂ ಕೇಳದೆ ನಾಲ್ಕನೆಯ ಲ್ಯಾಪ್‌ಟಾಪನ್ನು ಮುಂದಿಟ್ಟರು. ಕಾರ್ಡು ಕೂರಿಸಿ, ವೈರು ಸಿಕ್ಕಿಸಿ, ಸ್ಕ್ರೂ ಬಿಗಿದೆ. ಅವರು ip link ಹೊಡೆದು ಆರು ಜೋಡಿಯನ್ನೂ ದಾಸ್ತಾನು ಪುಸ್ತಕದೊಂದಿಗೆ ಒಂದೊಂದಾಗಿ ಹೋಲಿಸಿದರು. ನಾನು ಎಲ್ಲವನ್ನೂ ಹೇಳಿದೆ, ಕೆಲಸ ಬಿಟ್ಟದ್ದನ್ನೂ. ಮೆಚ್ಚಿಕೊಳ್ಳುತ್ತಾರೆಂದು ಕಾದೆ. ಸುಳ್ಳು ಹೇಳುವುದಿಲ್ಲ, ಕಣ್ಣಲ್ಲಿ ನೀರು ತುಂಬಿಸಿಕೊಂಡೇ ಕಾದೆ.

“ಸರಿ ಇದೆ. ಮಿಕ್ಕಿದ್ದು?”

“ಮಿಕ್ಕಿದ್ದು ಏನು ಮೇಡಂ?”

“ಒಂದೇ ಕಡೆ ಮಾಡಿದ್ಯಾ ಈ ಕೆಲಸ? ಒಂದು ವಾಪಸ್ ಕೊಟ್ಟು ನನ್ ಮುಂದೆ ಅಳೋಕ್ ಬಂದಿದೀಯಾ? ಹೋಗು, ಒಂದು ಹಾಳೆ ತಗೊಂಡು ಊರಿನ ಹೆಸರು ಬರಿ.”

ಅಲ್ಲೇ ಕೂತು ಬರೆದೆ. ಹನ್ನೊಂದು ನೆನಪಿಗೆ ಬಂದವು. ಇನ್ನೂ ಇದ್ದವು, ಎಲ್ಲೆಂದು ತೋಚಲಿಲ್ಲ. ಮುಂದಿನ ಎಂಟು ತಿಂಗಳು ಒಂದೊಂದೇ ಊರಿಗೆ ಹೋದೆ. ಕೆಲವರು ಗೇಟಿನಿಂದಲೇ ಓಡಿಸಿದರು. ಒಬ್ಬರು ಪೊಲೀಸರನ್ನು ಕರೆಯುತ್ತೇನೆಂದರು, ಕರೆಯಲಿಲ್ಲ. ಅವರವರ ಕಾರ್ಡು ಅವರವರಿಗೆ ಸಿಗುವ ಹಾಗಿರಲಿಲ್ಲ, ಡ್ರಾಯರು ಯಜಮಾನನದು. ಖಾಲಿ ಬಿಟ್ಟಿದ್ದ ಕಡೆ ನನ್ನ ಕೈಯಿಂದ ದುಡ್ಡು ಹಾಕಿ ಬೇರೆ ಕೂರಿಸಿದೆ. ಪ್ರತಿ ಸಲವೂ ಬಂದು ಮೇಡಂಗೆ ವರದಿ ಒಪ್ಪಿಸುತ್ತಿದ್ದೆ. ಅವರು ಹಾಳೆಯ ಮೇಲೆ ಒಂದು ಹೆಸರು ಹೊಡೆದು, ನಾನು ಕೇಳದಿದ್ದರೂ ಒಂದು ಹೊಸ ಕಮಾಂಡು ಕಲಿಸುತ್ತಿದ್ದರು. ಕಾರ್ಡು ಇದ್ದೂ ಕೆಲಸ ಮಾಡದಿದ್ದರೆ ಅದನ್ನು ನಡೆಸುವ ಡ್ರೈವರ್ ಯಾವುದೆಂದು lspci -k ನಲ್ಲಿ ನೋಡುವುದು, ಯಂತ್ರ ಶುರುವಾಗುವಾಗ ಏನೇನು ದೂರು ಹೇಳಿತೆಂದು dmesg ನಲ್ಲಿ ಓದುವುದು. ನಾನು ಓದದೆ ಸಾಲುಗಳನ್ನು ಹಾರಿಸಿದರೆ, “ಎಲ್ಲಿಗೆ ಓಡ್ತಿದೀಯ? ಬಸ್ಸು ಹೋಯ್ತಾ? ಅದು ಅಷ್ಟು ಉದ್ದ ಬರೆದು ಹೇಳ್ತಿದೆ, ನಿಂಗೆ ಓದೋಕೆ ರೋಗಾನಾ?” ಎನ್ನುತ್ತಿದ್ದರು.

ಶ್ರೀನಿವಾಸಪುರದಲ್ಲಿ ನಾನು ಸಣ್ಣ ಅಂಗಡಿ ಹಾಕಿದಾಗ ಅವರನ್ನು ಕರೆದೆ. ಬಂದರು. ಒಳಗೆ ಕಾಲಿಟ್ಟು ಬೋರ್ಡು ನೋಡಿ, “ಇದರಲ್ಲಿ ಇಂಜಿನೀರು ಅಂತ ಬರೆಸಿಲ್ಲ ಸದ್ಯ” ಎಂದರು. ನಾಲ್ಕು ವರ್ಷದಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಈ ವರ್ಷ ಮಾವು ಮುಗಿಯುವ ಹೊತ್ತಿಗೆ ಅವರು ಹೋಗಿಬಿಟ್ಟರು. ಬಸ್ಸಿಗೆ ಕಾಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ಕೋಲಾರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನನಗೆ ಸುದ್ದಿ ತಿಳಿದದ್ದು ಮಣ್ಣು ಮಾಡಿದ ಮೇಲೆ.

ಒಂಬತ್ತು ದಿನದ ನಂತರ ಪಂಚಾಯಿತಿಯವರು ಲೈಬ್ರರಿಯಲ್ಲಿ ಸಂತಾಪ ಸಭೆ ಇಟ್ಟರು. ಇಪ್ಪತ್ತು ಇಪ್ಪತ್ತೈದು ಜನ ಸೇರಿದ್ದರು. ಫೋಟೋಕ್ಕೆ ಹಾರ ಹಾಕಿ ಅಧಿಕಾರಿ ಮಾತಾಡಿದ. “ಅವರದು ಹೂವಿನಂಥ ಮನಸ್ಸು, ಒಂದು ದಿನ ಯಾರಿಗೂ ಗಟ್ಟಿ ಧ್ವನಿಯಲ್ಲಿ ಮಾತಾಡಿದವರಲ್ಲ” ಎಂದ. ಪತ್ರಿಕೆ ಮನೆಗೆ ಒಯ್ಯುತ್ತಿದ್ದವನೇ ಅವನು. ಆಮೇಲೆ ಎದ್ದವರು ಇನ್‌ಸ್ಪೆಕ್ಷನ್ನಿಗೆ ಮಾತ್ರ ಬರುತ್ತಿದ್ದ ಮೇಷ್ಟರು, ತಾವು ಅವರ ಲೈಬ್ರರಿಯ ಪುಸ್ತಕಗಳನ್ನು ಓದಿಯೇ ಬೆಳೆದದ್ದಾಗಿ ಹೇಳಿದರು. ಎರಡು ಬಾಯಿ, ಎರಡು ಸುಳ್ಳು, ಅದೂ ಆ ಹೆಂಗಸಿನ ಕೋಣೆಯಲ್ಲೇ ನಿಂತು. ಇನ್ನೂ ಇಬ್ಬರು ಇಂಥವೇ ಮಾತು ಹೇಳಲು ಸಾಲಿನಲ್ಲಿದ್ದರು. ಯಾರೂ ಕರೆಯದಿದ್ದರೂ ಎದ್ದು ನಿಂತೆ.

“ಮೇಡಂ ಎಲ್ಲರನ್ನೂ ಬೈತಿದ್ರು,” ಎಂದೆ. “ಇಲ್ಲಿ ಕೂತಿರೋರಲ್ಲಿ ಬೈಸಿಕೊಳ್ಳದೆ ಇರೋರು ಯಾರೂ ಇಲ್ಲ. ನನ್ನನ್ನ ಕಳ್ಳ ಅಂದ್ರು. ನಾನು ಕಳ್ಳನೇ ಆಗಿದ್ದೆ.” ಆಮೇಲೆ ಎಲ್ಲವನ್ನೂ ಹೇಳಿದೆ: ಸ್ವಿಚ್ಚು, ಡ್ರಾಯರು, ಹನ್ನೊಂದು ಊರು, ನೆನಪಾಗದ ಊರುಗಳು. ಮುಂದಿನ ಸಾಲಿನಲ್ಲಿ ನನ್ನ ಅಂಗಡಿಗೆ ರಿಪೇರಿಗೆಂದು ಲ್ಯಾಪ್‌ಟಾಪು ಕೊಟ್ಟವರು ಮೂವರು ಕೂತಿದ್ದರು. ಅವರ ಮುಖ ನೋಡಿಕೊಂಡೇ ಹೇಳಿದೆ. ಅಧಿಕಾರಿ ಗಡಿಯಾರ ನೋಡಿದ. ಮೂಲೆಯಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. ನಗುತ್ತಿದ್ದವಳ ಕಣ್ಣಲ್ಲಿ ನೀರಿತ್ತು. ಆ ಸಭೆಯಲ್ಲಿ ಅತ್ತವಳು ಅವಳೊಬ್ಬಳೇ.

ಮರುದಿನ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಅವರಲ್ಲಿ ಇಬ್ಬರು ಬಂದು ತಮ್ಮ ಯಂತ್ರಗಳನ್ನು ರಿಪೇರಿ ಮಾಡಿಸದೆಯೇ ವಾಪಸು ತೆಗೆದುಕೊಂಡು ಹೋದರು. ಮಧ್ಯಾಹ್ನ ವಯಸ್ಸಾದ ಬೇರೊಬ್ಬ ಮೇಷ್ಟರು ಬಂದು ಮೆಟ್ಟಿಲ ಕೆಳಗೇ ನಿಂತರು. ಸಭೆಯ ಹಿಂದಿನ ಸಾಲಿನಲ್ಲಿ ಅವರನ್ನು ಕಂಡ ನೆನಪು.

“ನಮ್ಮ ಸ್ಕೂಲು ತಾಡಿಗೋಳ್ ರೋಡಲ್ಲಿ ಬರ್ತದೆ. ಐದು ವರ್ಷದ ಹಿಂದೆ ನೀಲಿ ಬಟ್ಟೆ ಹಾಕ್ಕೊಂಡು ಬಂದು ವೈ-ಫೈ ಕಾರ್ಡ್ ಹೋಗಿದೆ ಅಂದೋರು ನೀವೇನಾ?”

ಅವರ ಮುಖ ನೆನಪಾಗಲಿಲ್ಲ. ಆ ರಸ್ತೆ ನೆನಪಾಯಿತು.

“ನಾನೇ ಸಾರ್.”

“ಆವತ್ತು ತಗೊಂಡೋದ್ರಿ, ಮತ್ತೆ ಬರ್ಲಿಲ್ಲ. ಮಕ್ಕಳು ಈಗ್ಲೂ ನನ್ನ ಫೋನಲ್ಲೇ ನೋಡ್ತಾವೆ.”

ಬೀಗ ತೆಗೆದುಕೊಂಡು, ಬ್ಯಾಗು ಹೆಗಲಿಗೆ ಹಾಕಿ, ಮಧ್ಯಾಹ್ನವೇ ಬಾಗಿಲು ಎಳೆದೆ. ಅವರು ತಮ್ಮ ಸ್ಕೂಟರಿನಲ್ಲಿ ಮುಂದೆ ಹೋದರು, ನಾನು ಬೈಕಿನಲ್ಲಿ ಹಿಂದೆ ಹೋದೆ.